ಹೊಯ್ಸಳ ಗಾಡಿಯಿಂದ ಹೊಯ್ಸಳರ ಊರಿಗೆ: ಸೈಕಲ್ ಏರಿ ಹೊರಡುವವರಿಗೆ ಒಂದು ದಾರಿಬುತ್ತಿ

ನನ್ನ ಮೊದಲ ಒಳ್ಳೆಯ ಸೈಕಲ್ ಕಳುವಾದದ್ದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ. ಗೇಟಿನಲ್ಲಿ ಕಾವಲುಗಾರ, ಕಂಬಕ್ಕೆ ಕ್ಯಾಮೆರಾ, ಚಕ್ರಕ್ಕೆ ಬೀಗ, ಮೂರೂ ಇದ್ದವು. ಬೀಗ ಮಾತ್ರ ತುಂಡಾಗಿ ಅಲ್ಲೇ ಬಿದ್ದಿತ್ತು. ಠಾಣೆಗೆ ಹೋದೆ. ದೂರು ಬರೆದುಕೊಳ್ಳುವ ರೈಟರ್ ತಲೆ ಎತ್ತದೆ ಕೇಳಿದರು: "ನಂಬರ್ ಏನು?"

"ಸೈಕಲ್ಲಿಗೆ ನಂಬರ್ ಎಲ್ಲಿರುತ್ತದೆ ಸರ್?" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ನಾಳೆ ನಿಮ್ಮ ಸೈಕಲ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಅದು ನಿಮ್ಮದೇ ಎಂದು ನಾನು ಹೇಗೆ ಹೇಳಲಿ? ಹಿತ್ತಲಿಗೆ ಹೋಗಿ ನೋಡಿ, ಎಷ್ಟು ಬಿದ್ದಿವೆ. ಎಲ್ಲವೂ ಕಪ್ಪು ಬಣ್ಣದವೇ."

ಹಿತ್ತಲಿನಲ್ಲಿ ನೋಡಿದೆ. ಜಪ್ತಿಯಾದ ಬೈಕುಗಳ ನಡುವೆ ಬಳ್ಳಿ ಹಬ್ಬಿಸಿಕೊಂಡು ಹತ್ತಾರು ಸೈಕಲ್‌ಗಳು ಒರಗಿದ್ದವು. ವಾರಸುದಾರರು ಎಲ್ಲೋ ನನ್ನ ಹಾಗೆಯೇ ನಂಬರ್ ಗೊತ್ತಿಲ್ಲದೆ ಕೂತಿರಬೇಕು. ನನ್ನದು ಅಲ್ಲಿರಲಿಲ್ಲ, ಆಮೇಲೂ ಸಿಗಲಿಲ್ಲ.

ದೂರದ ಸೈಕಲ್ ಪ್ರಯಾಣದ ಬಗ್ಗೆ ಸಲಹೆ ಕೊಡುವವರು ತೊಡೆಯ ಬಲ, ಗೇರು, ಪ್ರೋಟೀನು ಎಂದು ಶುರು ಮಾಡುತ್ತಾರೆ. ತೊಡೆ ಮೂರನೆಯ ದಿನಕ್ಕೆ ತಾನಾಗಿ ಪಳಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಪಳಗದೆ ಉಳಿಯುವುದು ಠಾಣೆಯ ಮೆಟ್ಟಿಲು ಹತ್ತುವ ಅಭ್ಯಾಸ. ಊರು ಬಿಟ್ಟ ಮೇಲೆ ದಾರಿ ಕೇಳಲು, ರಾತ್ರಿ ಉಳಿಯಲು, ಏನಾದರೂ ಕಳೆದುಕೊಂಡಾಗ, ಬಿದ್ದಾಗ ಆ ಮೆಟ್ಟಿಲು ಬೇಕೇ ಬೇಕಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಅಲ್ಲಿಂದಲೇ ಶುರುವಾಗುತ್ತದೆ. ಉದಾಹರಣೆಗೆ ನಾನು ಹಿಡಿಯುವ ದಾರಿ ಬೆಂಗಳೂರಿನಿಂದ ಮಂಗಳೂರಿನದು. ಮನೆಯ ತಿರುವಿನಲ್ಲಿ ನಿಂತಿರುವ ಪೊಲೀಸ್ ಗಸ್ತಿನ ಹೊಯ್ಸಳ ಗಾಡಿಯನ್ನು ದಾಟಿ ಹೊರಟರೆ ಮೂರನೆಯ ದಿನ ನಿಜವಾದ ಹೊಯ್ಸಳರ ಬೇಲೂರಿನಲ್ಲಿರುತ್ತೀರಿ.

ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿ

ಎರಡು ಪೆಡಲ್‌ಗಳ ನಡುವೆ ಒಂದು ದಪ್ಪ ಕೊಳವೆ ಇದೆಯಲ್ಲ, ಅದರ ಅಡಿಭಾಗದ ಮಣ್ಣು ಒರೆಸಿ. ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಕಾಣುತ್ತದೆ. ಅದೇ ಫ್ರೇಮ್ ನಂಬರ್. ಕೆಲವು ಸೈಕಲ್‌ಗಳಲ್ಲಿ ಸೀಟಿನ ಕೆಳಗಿನ ಕೊಳವೆಯ ಮೇಲೋ ಹ್ಯಾಂಡಲ್ಲಿನ ಬುಡದಲ್ಲೋ ಇರುತ್ತದೆ. ನಂಬರಿನದೊಂದು ಫೋಟೊ, ಇಡೀ ಸೈಕಲ್ಲಿನದೊಂದು ಫೋಟೊ, ಸೈಕಲ್ ಪಕ್ಕದಲ್ಲಿ ನೀವೇ ನಿಂತ ಇನ್ನೊಂದು ಫೋಟೊ ತೆಗೆದುಕೊಳ್ಳಿ. ಬಿಲ್ಲಿನ ಫೋಟೊವನ್ನೂ ಅದರ ಜೊತೆ ಸೇರಿಸಿ ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ. ಫೋನಿನಲ್ಲಿ ಮಾತ್ರ ಇದ್ದರೆ ಫೋನ್ ಕಳೆದ ದಿನ ಎಲ್ಲವೂ ಹೋಯಿತು. ಹಳೆಯ ಸೈಕಲ್ ಕೊಂಡವರು ಮಾರಿದವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಇಂಥ ನಂಬರಿನ ಸೈಕಲ್ಲನ್ನು ಇಷ್ಟಕ್ಕೆ ಇಂಥವರಿಗೆ ಕೊಟ್ಟಿದ್ದೇನೆ, ಸಹಿ, ತಾರೀಖು. ಕೇಳಲು ಸಂಕೋಚವಾಗುತ್ತದೆ, ಕೇಳಿ.

ಬೀಗದ ವಿಷಯದಲ್ಲಿ ಜಿಪುಣತನ ಬೇಡ. ತೆಳ್ಳನೆಯ ತಂತಿ ಬೀಗವನ್ನು ಸಾಧಾರಣ ಕತ್ತರಿಯೇ ತುಂಡರಿಸುತ್ತದೆ. ಗಟ್ಟಿ ಉಕ್ಕಿನ ಯು ಆಕಾರದ ಬೀಗವನ್ನು ಚಕ್ರಕ್ಕೆ ಮಾತ್ರ ಹಾಕದೆ, ಫ್ರೇಮು, ಹಿಂದಿನ ಚಕ್ರ ಮತ್ತು ನೆಲಕ್ಕೆ ಊರಿದ ಕಂಬ ಮೂರನ್ನೂ ಸೇರಿಸಿ ಹಾಕಿ.

ದಾರಿ ಯಾವುದು

ಮೈಸೂರು ಕಡೆ ಹೊರಡುವವರು ಒಂದು ಸಂಗತಿ ತಿಳಿದಿರಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಮೋಟಾರಿಲ್ಲದ ವಾಹನಗಳಿಗೂ ಇಲ್ಲ. ಸೈಕಲ್ ಆ ಕೊನೆಯ ಗುಂಪಿಗೆ ಸೇರಿದ್ದು. ಪಕ್ಕದ ಸರ್ವಿಸ್ ರಸ್ತೆಯೇ ನಿಮ್ಮ ಪಾಲಿಗೆ. ತಿಂಡಿಯ ಹೋಟೆಲುಗಳೂ ಎಳನೀರೂ ಆ ಬದಿಯಲ್ಲೇ ಸಿಗುವುದರಿಂದ ನಷ್ಟವೇನಿಲ್ಲ. ಮೈಸೂರು ದಾಟಿ ಬಂಡೀಪುರದ ಮೇಲೆ ಊಟಿಗೋ ವಯನಾಡಿಗೋ ಹೋಗುವ ಯೋಚನೆಯಿದ್ದರೆ ಕಾಡಿನ ಭಾಗವನ್ನು ಸೈಕಲ್ಲಿನಲ್ಲಿ ದಾಟಲು ಬಿಡುತ್ತಾರೆ ಎಂದು ನಂಬಿಕೊಂಡು ಹೋಗಬೇಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರವೇ ನಿಷಿದ್ಧ. ಹಗಲಿನಲ್ಲಿಯೂ ಆನೆ ಎದುರಾದರೆ ಕಾರಿನವನಿಗೆ ಏರಿಸಿಕೊಳ್ಳಲು ಗಾಜಾದರೂ ಇದೆ. ಚೆಕ್‌ಪೋಸ್ಟಿನವರು ಹಿಂದಕ್ಕೆ ಕಳಿಸಿದರೆ ವಾದ ಮಾಡದೆ ಸೈಕಲ್ಲನ್ನು ಯಾವುದಾದರೂ ಗೂಡ್ಸ್ ಗಾಡಿಗೆ ಏರಿಸಿ.

ಮಂಗಳೂರಿಗೆ ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಎಲ್ಲರಿಗೂ ಗೊತ್ತಿರುವುದೇ. ಹತ್ತಿರದ್ದೂ ಹೌದು. ಆದರೆ ಬಂದರಿಗೆ ಹೋಗಿ ಬರುವ ಟ್ಯಾಂಕರು, ಲಾರಿಗಳ ಗಾಳಿಗೆ ದಿನವಿಡೀ ಸೈಕಲ್ ತೂರಾಡುತ್ತದೆ. ನಾನು ಹೇಳುವ ದಾರಿ ಸುತ್ತು, ಆದರೆ ನೆರಳಿನದು. ಮೊದಲ ದಿನ ಮಾಗಡಿ ರಸ್ತೆ ಹಿಡಿದು ತಾವರೆಕೆರೆ, ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ, ಸುಮಾರು 110 ಕಿ.ಮೀ. ಎರಡನೆಯ ದಿನ ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಹಾಸನ, 90ಕ್ಕೆ ಸ್ವಲ್ಪ ಕಡಿಮೆ. ಮೂರನೆಯ ದಿನ ಬೇಲೂರು ನೋಡಿಕೊಂಡು ಮೂಡಿಗೆರೆ, ಸುಮಾರು 70. ನಾಲ್ಕನೆಯ ದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ, ಸುಮಾರು 65. ಐದನೆಯ ದಿನ ಬೆಳ್ತಂಗಡಿ, ಬಂಟ್ವಾಳದ ಮೇಲೆ ಮಂಗಳೂರು, ಸುಮಾರು 75.

ಈ ಐದು ದಿನಗಳಲ್ಲಿ ಏಳು ಜಿಲ್ಲೆ ದಾಟುತ್ತೀರಿ. ಹುಲಿಯೂರುದುರ್ಗ ಬಂದಾಗ ತುಮಕೂರು ಜಿಲ್ಲೆಗೆ ಕಾಲಿಟ್ಟಿರುತ್ತೀರಿ ಎಂದು ಎಷ್ಟು ಜನಕ್ಕೆ ಗೊತ್ತು? ಇದು ಬರೀ ಭೂಗೋಳದ ಮಾತಲ್ಲ. ಜಿಲ್ಲೆ ಬದಲಾದರೆ ಎಸ್‌ಪಿ ಬದಲಾಗುತ್ತಾರೆ, ಹತ್ತು ಹದಿನೈದು ಕಿಲೋಮೀಟರಿಗೆ ಠಾಣೆಯೂ ಬದಲಾಗುತ್ತದೆ. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರೆ ಮೊದಲು ಕೇಳುವುದು "ಎಲ್ಲಿದ್ದೀರಿ?" ಎಂದು. "ಒಂದು ದೊಡ್ಡ ಹುಣಸೆ ಮರದ ಹತ್ತಿರ" ಎಂದರೆ ಗಾಡಿ ಬರುವುದಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಕಿಲೋಮೀಟರ್ ಕಲ್ಲು ಓದುವ ಅಭ್ಯಾಸ ಮಾಡಿಕೊಳ್ಳಿ. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಳಿದಿದ್ದರೆ ರಾಜ್ಯ ಹೆದ್ದಾರಿ. ಕೊನೆಯದಾಗಿ ದಾಟಿದ ಕಲ್ಲಿನ ಮೇಲಿದ್ದ ಊರು ಮತ್ತು ಅಂಕಿ ಬಾಯಲ್ಲಿರಲಿ.

ಹೊರಡುವ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಚಾರ್ಮಾಡಿ ಕಣ್ಣಿಗೆ ಹಬ್ಬ ನಿಜ. 2019ರ ಆಗಸ್ಟ್ ಮಳೆಗೆ ಅದೇ ಗುಡ್ಡ ಜರಿದು ರಸ್ತೆ ಬಹಳ ದಿನ ಮುಚ್ಚಿತ್ತು ಎಂಬುದೂ ನಿಜ.

ಚೀಲದಲ್ಲಿ ಏನಿರಬೇಕು

ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. ಎರಡು ಜೊತೆ ಬಟ್ಟೆ, ಒಂದು ಪಂಚೆ, ಎರಡು ಟ್ಯೂಬು, ಪ್ಯಾಚು, ಕೈ ಪಂಪು, ಚೈನ್ ಕಡಿಯುವ ಉಪಕರಣ, ಬ್ರೇಕ್ ಪ್ಯಾಡ್ ಒಂದು ಜೊತೆ. ಎಲ್ಲ ಸೇರಿ ಹತ್ತು ಹನ್ನೆರಡು ಕೆ.ಜಿ. ಮೀರಬಾರದು. ಭಾರವನ್ನು ಬೆನ್ನಿಗೆ ಏರಿಸಬೇಡಿ, ಹಿಂದಿನ ಕ್ಯಾರಿಯರಿಗೆ ಎರಡೂ ಬದಿ ಸಮನಾಗಿ ಕಟ್ಟಿ. ನಿಮ್ಮ ಟ್ಯೂಬಿನ ಬಾಯಿ ತೆಳ್ಳಗಿರುವ ಪ್ರೆಸ್ಟಾ ಜಾತಿಯದಾದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ಎರಡು ಇಟ್ಟುಕೊಳ್ಳಿ. ನಾಗಮಂಗಲದ ಹತ್ತಿರ ಪಂಕ್ಚರ್ ಹಾಕುವ ಅಜ್ಜನೊಬ್ಬ ನನ್ನ ಟ್ಯೂಬನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಗಾಳಿ ಯಾವ ಕಡೆಯಿಂದ ಹಾಕುತ್ತಾರೆ ಸ್ವಾಮಿ?" ಎಂದು ಕೇಳಿದ್ದ. ಸಜ್ಜನ. ಪ್ಯಾಚ್ ಮಾತ್ರ ನನಗಿಂತ ಚೆನ್ನಾಗಿ ಹಾಕಿಕೊಟ್ಟ, ಹತ್ತು ರೂಪಾಯಿಗಿಂತ ಹೆಚ್ಚಿಗೆ ಮುಟ್ಟಲಿಲ್ಲ.

ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್. ಹಗಲಿನಲ್ಲೂ ಕೆಂಪು ದೀಪ ಮಿನುಗುತ್ತಿರಲಿ.

ಮನೆಗೆ ಬೀಗ ಹಾಕುವ ಮುನ್ನ

ಐದು ದಿನ ಬೀಗ ಬಿದ್ದ ಮನೆಯನ್ನು ಕಳ್ಳ ಗುರುತಿಸುವುದು ಬಾಗಿಲಿನ ಮುಂದಿನ ಪೇಪರಿನಿಂದ. ಪೇಪರು, ಹಾಲು ನಿಲ್ಲಿಸಿ. ಎದುರು ಮನೆಯವರಿಗೆ ಹೇಳಿ ಮುಂಬಾಗಿಲಿಗೆ ನೀರು ಹಾಕಿಸಿ, ಸಾಧ್ಯವಾದರೆ ಒಂದು ಎಳೆ ರಂಗೋಲಿ ಎಳೆಸಿ. ಗ್ಯಾಸ್ ಬಂದ್ ಮಾಡಿ. ದಾರಿಯ ಫೋಟೊಗಳನ್ನು ಹಿಂತಿರುಗಿದ ಮೇಲೆ ಹಾಕಿದರೂ ಯಾರ ಗಂಟೂ ಹೋಗುವುದಿಲ್ಲ.

ಹೊರಡುವ ಎರಡು ದಿನ ಮೊದಲು ನಿಮ್ಮ ಬಡಾವಣೆಯ ಠಾಣೆಗೆ ಹೋಗಿ. ಊರಿಗೆ ಹೋಗುವಾಗ ತಿಳಿಸಿ ಹೋಗಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ನಾವು ಕೇಳಿಸಿಕೊಳ್ಳುವುದಿಲ್ಲ. ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಮನೆ ಬೀಗ, ಯಾರ ಬಳಿ ಕೀಲಿ, ನಿಮ್ಮ ಮತ್ತು ಆ ನೆರೆಯವರ ಫೋನ್ ನಂಬರ್ ಬರೆದು ಕೊಡಿ. ನಿಮ್ಮ ಬೀದಿಯ ಬೀಟ್ ಪೊಲೀಸರು ಯಾರು ಎಂದು ಕೇಳಿ ಅವರ ನಂಬರ್ ಪಡೆಯಿರಿ. ಬೆಳಿಗ್ಗೆ ಹತ್ತು ಗಂಟೆಯ ಗದ್ದಲದಲ್ಲಿ ಹೋದರೆ ನಿಮ್ಮ ಕಡೆ ಯಾರೂ ನೋಡುವುದಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಹೋದರೆ ಕುರ್ಚಿ ಸಿಗುವ ಸಂಭವವಿದೆ.

ನಾನು ಹೀಗೆ ಚೀಟಿ ಕೊಟ್ಟಾಗ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಓದಿ, "ಸೈಕಲ್ಲಿನಲ್ಲಿ ಮಂಗಳೂರಿಗೆ? ಬಸ್ಸಿಗೆ ದುಡ್ಡಿಲ್ಲವೇ ಸರ್?" ಎಂದರು. ತಮಾಷೆಗೆ ಹೇಳಿದರೋ ಕನಿಕರದಿಂದಲೋ ತಿಳಿಯಲಿಲ್ಲ. ಆದರೆ ಎರಡನೆಯ ರಾತ್ರಿ ಹಾಸನದಲ್ಲಿದ್ದಾಗ ನೆರೆಯವರ ಸಂದೇಶ ಬಂತು: "ಬೀಟಿನವರು ಬಂದು ಗೇಟು ಅಲ್ಲಾಡಿಸಿ ನೋಡಿ ಹೋದರು." ಆ ರಾತ್ರಿಯ ನಿದ್ದೆ ಚೆನ್ನಾಗಿತ್ತು.

ಊರು ದಾಟುವುದು

ಇಡೀ ಪ್ರಯಾಣದ ಅತ್ಯಂತ ಅಪಾಯದ ಮೂವತ್ತು ಕಿಲೋಮೀಟರ್ ಯಾವುದೆಂದರೆ ಬೆಂಗಳೂರೇ. ಘಾಟಿಯಲ್ಲ, ಕಾಡಲ್ಲ. ಬೆಳಿಗ್ಗೆ ಐದೂವರೆಗೆ ಪೆಡಲ್ ಮೇಲೆ ಕಾಲಿರಬೇಕು, ಏಳಕ್ಕೆ ಮೊದಲು ತಾವರೆಕೆರೆ ದಾಟಿರಬೇಕು. ಎಡಗಡೆಯ ಕೊನೆಯ ಅಂಚಿಗೆ ಅಂಟಿಕೊಂಡು ಹೋಗಬೇಡಿ. ಅಲ್ಲಿ ಮೋರಿಯ ಜಾಲರಿ, ಜಲ್ಲಿ ರಾಶಿ, ನಿಂತ ಕಾರಿನ ತೆರೆಯುವ ಬಾಗಿಲು ಎಲ್ಲವೂ ಕಾದಿರುತ್ತವೆ. ಅಂಚಿನಿಂದ ಒಂದು ಮಾರು ಒಳಗೆ, ನೇರ ಗೆರೆಯಲ್ಲಿ ಹೋಗಿ. ನಿಲ್ದಾಣದಿಂದ ಹೊರಡುವ ಬಸ್ಸಿನ ಎಡಕ್ಕೆ ನುಗ್ಗುವುದು ಬೇಡ, ಅದು ಹೊರಡಲಿ. ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ನಿಲ್ಲಿ, ಹಿಂದಿನವರಿಗೆ ನೀವು ಕಾಣಬೇಕು. ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗಿ, "ಸೈಕಲ್ ತಾನೇ ಸರ್" ಎನ್ನುವ ಅಭ್ಯಾಸವಿದ್ದರೆ ಇಂದೇ ಬಿಡಿ. ನಾನು ಬಿಟ್ಟದ್ದು ಒಮ್ಮೆ ಬಿದ್ದ ಮೇಲೆ.

ಬೀದಿನಾಯಿಗಳ ಗುಂಪು ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಿರಿ, ಬಹುಪಾಲು ನಾಯಿಗಳಿಗೆ ಆಸಕ್ತಿಯೇ ಹೋಗುತ್ತದೆ. ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯ ಮುಂದಿನ ಸುತ್ತುಗಳನ್ನು ಮುಂದಿನ ಊರಿನ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಬಹುದು, ಚೀಟಿ ಜೋಪಾನ.

ಕೈ ಅಡ್ಡ ಹಾಕಿ ನಿಲ್ಲಿಸಿದಾಗ

ನಿಲ್ಲಿಸುತ್ತಾರೆ. ಬೆಳಗಿನ ಜಾವ ಚೀಲ ಹೇರಿಕೊಂಡು ತಲೆಗೆ ದೀಪ ಕಟ್ಟಿಕೊಂಡು ಬರುವವನನ್ನು ನಿಲ್ಲಿಸದಿದ್ದರೆ ಗಸ್ತು ಯಾಕೆ? ಸೈಕಲ್ಲಿಗೆ ಲೈಸೆನ್ಸ್, ಆರ್‌ಸಿ, ವಿಮೆ ಯಾವುದೂ ಬೇಕಿಲ್ಲ, ಅದು ಮೋಟಾರು ವಾಹನವಲ್ಲ. ಅವರಿಗೆ ಬೇಕಾದದ್ದು ನೀವು ಯಾರು, ಎಲ್ಲಿಂದ, ಎಲ್ಲಿಗೆ ಎಂಬುದು. ಎರಡೂ ಕಾಲು ನೆಲಕ್ಕೆ ಊರಿ, ತಲೆಯ ದೀಪ ಆರಿಸಿ. ಅವರ ಕಣ್ಣಿಗೆ ಬೆಳಕು ಬಿಟ್ಟುಕೊಂಡು ಮಾತಾಡುವುದಕ್ಕಿಂತ ದೊಡ್ಡ ಒರಟುತನವಿಲ್ಲ. ಹೆಸರು, ಊರು, ಆಧಾರ್. ಫೋನಿನ ಕ್ಯಾಮೆರಾ ಎತ್ತುವುದರಿಂದ ಮಾತು ಶುರು ಮಾಡಬೇಡಿ. ಚೀಲ ತೆರೆಯಿರಿ ಎಂದರೆ ತೆರೆಯಿರಿ, ಬೆವರಿನ ಬನಿಯನ್ನು ಕಂಡು ಅವರೇ ಮುಚ್ಚಿಸುತ್ತಾರೆ.

ಹುಲಿಯೂರುದುರ್ಗದ ಈಚೆ ಒಮ್ಮೆ ಎಎಸ್‌ಐ ಒಬ್ಬರು ಟಾರ್ಚಿನ ಬೆಳಕನ್ನು ಚಕ್ರದಿಂದ ನನ್ನ ಮುಖದವರೆಗೆ ನಿಧಾನವಾಗಿ ಏರಿಸಿ ಕೇಳಿದರು: "ಎಲ್ಲಿಗೆ?"

"ಧರ್ಮಸ್ಥಳಕ್ಕೆ ಸರ್."

ಟಾರ್ಚು ಕೆಳಗಿಳಿಯಿತು. "ಹರಕೆಯೇ?"

"ಇಲ್ಲ ಸರ್, ಸುಮ್ಮನೆ."

ಟಾರ್ಚು ಮತ್ತೆ ಮೇಲೆ ಬಂತು.

ಶಿವರಾತ್ರಿಯ ಹೊತ್ತಿಗೆ ಸಾವಿರಾರು ಜನ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಹರಕೆ ಹೊತ್ತವನು ಈ ದಾರಿಯಲ್ಲಿ ಎಲ್ಲರಿಗೂ ಅರ್ಥವಾಗುವ ಮನುಷ್ಯ. ಸುಮ್ಮನೆ ಹೋಗುವವನು ಅರ್ಥವಾಗುವುದಿಲ್ಲ. ಸುಳ್ಳು ಹೇಳಿ ಎನ್ನುವುದಿಲ್ಲ, ಆದರೆ "ಟೂರಿಂಗ್", "ಎಕ್ಸ್‌ಪೆಡಿಷನ್" ಎಂದೆಲ್ಲ ಹೇಳುವ ಬದಲು ಅವರಿಗೆ ಗೊತ್ತಿರುವ ಮುಂದಿನ ಊರಿನ ಹೆಸರು ಹೇಳಿ. ಶಿವರಾತ್ರಿಯ ಹಿಂದಿನ ವಾರ ಹೊರಟರೆ ಇನ್ನೊಂದು ಲಾಭವಿದೆ: ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಊಟ ಕೊಡುವವರು ನಿಂತಿರುತ್ತಾರೆ, ಸೈಕಲ್ಲಿನವನಿಗೂ ಇಲ್ಲ ಎನ್ನುವುದಿಲ್ಲ.

ರಾತ್ರಿ ಎಲ್ಲಿ

ನಾಗಮಂಗಲ, ಹಾಸನ, ಮೂಡಿಗೆರೆಯಲ್ಲಿ ಲಾಡ್ಜ್‌ಗಳಿವೆ. ಧರ್ಮಸ್ಥಳ, ಶ್ರವಣಬೆಳಗೊಳದಲ್ಲಿ ಯಾತ್ರಿಕರಿಗಾಗಿಯೇ ವಸತಿಗಳಿವೆ. ಆಧಾರ್ ಪ್ರತಿ ಎರಡು ಮೂರು ಇಟ್ಟುಕೊಳ್ಳಿ, ಸಂಜೆ ಏಳಕ್ಕೆ ಜೆರಾಕ್ಸ್ ಅಂಗಡಿ ಹುಡುಕುವ ಕಷ್ಟ ತಪ್ಪುತ್ತದೆ. ಮುಂಗಡ ಕೊಡುವ ಮೊದಲೇ ಸೈಕಲ್ ಎಲ್ಲಿಡುವುದು ಎಂದು ಇತ್ಯರ್ಥ ಮಾಡಿ. "ಕೆಳಗೆ ಇಡಿ ಸರ್, ಏನೂ ಆಗುವುದಿಲ್ಲ" ಎಂಬುದು ಎಲ್ಲ ಮ್ಯಾನೇಜರುಗಳ ಮೊದಲ ಮಾತು. ಚಕ್ರ ಒರೆಸಿ, ಹಳೆಯ ಪೇಪರ್ ಹಾಸಿ ಕೋಣೆಯೊಳಗೇ ಇಡುತ್ತೇನೆ ಎನ್ನಿ. ಒಪ್ಪದಿದ್ದರೆ ಮುಂದಿನ ಲಾಡ್ಜ್.

ನನ್ನ ತಂಗಿ ಇದೇ ದಾರಿಯಲ್ಲಿ ಒಬ್ಬಳೇ ಹೋಗಿ ಬಂದಿದ್ದಾಳೆ. ಅವಳ ಪದ್ಧತಿ ನನಗಿಂತ ಶಿಸ್ತಿನದು: ಮಧ್ಯಾಹ್ನದ ಊಟಕ್ಕೆ ನಿಂತಾಗಲೇ ಲಾಡ್ಜಿಗೆ ಫೋನ್ ಮಾಡಿ ಕೋಣೆ ಗೊತ್ತು ಮಾಡುತ್ತಾಳೆ, ಐದು ಗಂಟೆಗೆ ಊರು ಸೇರುತ್ತಾಳೆ, "ಒಬ್ಬರೇ ಬಂದಿರಾ?" ಎಂದರೆ "ಹಿಂದೆ ಬರುತ್ತಿದ್ದಾರೆ" ಎನ್ನುತ್ತಾಳೆ. ಯಾರು ಎಂದು ಹೇಳುವುದಿಲ್ಲ.

ಜಾಗವೇ ಸಿಗದೆ ಕತ್ತಲಾದರೆ ಕಾಡಿನ ಅಂಚಿನಲ್ಲಿ ಡೇರೆ ಹಾಕಬೇಡಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಉಳಿಯುವುದು ಅಪರಾಧ, ಆನೆಗೆ ಅದು ಗೊತ್ತಿರುವುದಿಲ್ಲ ಎಂಬುದು ಬೇರೆ ವಿಷಯ. ನೇರ ಠಾಣೆಗೆ ಹೋಗಿ, "ರಾತ್ರಿ ಉಳಿಯಲು ಸುರಕ್ಷಿತವಾದ ಜಾಗ ಯಾವುದಿದೆ ಸರ್?" ಎಂದು ಕೇಳಿ. ಯಾವ ಕಲ್ಯಾಣ ಮಂಟಪ ಖಾಲಿ ಇದೆ, ಯಾವ ದೇವಸ್ಥಾನದ ಛತ್ರದ ಕೀಲಿ ಯಾರ ಬಳಿ ಇದೆ ಎಂಬುದು ಊರಿನಲ್ಲಿ ಬೇರೆ ಯಾರಿಗೂ ಅಷ್ಟು ನಿಖರವಾಗಿ ಗೊತ್ತಿರುವುದಿಲ್ಲ.

ಹೇರಿದ ಸೈಕಲ್ಲನ್ನು ಬಿಟ್ಟು ಗುಡಿ ನೋಡುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಬೆಳಗೊಳದಲ್ಲಿ ಗೊಮ್ಮಟನ ಬಳಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬೇಲೂರಿನ ಚೆನ್ನಕೇಶವನ ಸುತ್ತ ಒಂದೊಂದು ಮದನಿಕೆಯ ಕೆಳಗೆ ನಿಂತರೂ ಅರ್ಧ ದಿನ ಬೇಕು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನವೂ ಹೆಚ್ಚು. ನನ್ನ ಉಪಾಯ ಎಳನೀರಿನವರು. ಮೊದಲು ಒಂದು ಎಳನೀರು ಕುಡಿಯಿರಿ, ದುಡ್ಡು ಕೊಡಿ, ಆಮೇಲೆ "ಅಣ್ಣ, ಸೈಕಲ್ ಇಲ್ಲಿರಲಿ, ಬಂದು ಇನ್ನೊಂದು ಕುಡಿಯುತ್ತೇನೆ" ಎನ್ನಿ. ಎರಡನೆಯ ಎಳನೀರಿನ ಆಸೆಗಿಂತ ಆ ಮಾತಿನ ವಿಶ್ವಾಸಕ್ಕೆ ಅವರು ಕಾಯುತ್ತಾರೆ. ಆದರೂ ಬೀಗ ಹಾಕಿ.

ಕಳುವಾದರೆ, ಕಳೆದರೆ

ಈ ಎರಡು ಪದಗಳ ವ್ಯತ್ಯಾಸ ಠಾಣೆಯಲ್ಲಿ ದೊಡ್ಡದು. ಕಳೆದುಹೋದ ಆಧಾರ್, ಕಾರ್ಡು, ಫೋನಿಗೆ ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ನೀವೇ ವಿವರ ತುಂಬಿ ಸ್ವೀಕೃತಿ ಪಡೆಯಬಹುದು. ಫೋನಾದರೆ ಅದರ ಐಎಂಇಐ ಸಂಖ್ಯೆ ಕೊಟ್ಟು ಕೇಂದ್ರದ ಸಿಇಐಆರ್ ಜಾಲತಾಣದಲ್ಲಿ ಬಳಕೆಗೆ ಬಾರದಂತೆ ತಡೆಹಿಡಿಸಬಹುದು. ಆ ಸಂಖ್ಯೆಯನ್ನೂ ಫ್ರೇಮ್ ನಂಬರಿನ ಜೊತೆ ಈಗಲೇ ಬರೆದಿಟ್ಟುಕೊಳ್ಳಿ.

ಸೈಕಲ್ ಕಳುವಾಗಿದ್ದರೆ ದೂರಿನಲ್ಲಿ "ಕಾಣೆಯಾಗಿದೆ" ಎಂದು ಬರೆಯಬೇಡಿ, "ಕಳುವಾಗಿದೆ" ಎಂದೇ ಬರೆಯಿರಿ. ಎಲ್ಲಿ ನಿಲ್ಲಿಸಿದ್ದೆ, ಎಷ್ಟು ಗಂಟೆಗೆ ನೋಡಿದ್ದೆ, ಎಷ್ಟು ಗಂಟೆಗೆ ಇರಲಿಲ್ಲ, ಫ್ರೇಮ್ ನಂಬರ್, ಬಣ್ಣ, ಗುರುತು, ಬೆಲೆ. ಹತ್ತಿರದ ಅಂಗಡಿಯ ಕ್ಯಾಮೆರಾ ಯಾವ ಕಡೆ ತಿರುಗಿದೆ ಎಂದು ನೀವೇ ನೋಡಿಕೊಂಡು ಅದನ್ನೂ ಸೇರಿಸಿ. ಹಳೆಯ ದೃಶ್ಯಗಳು ತಾವಾಗಿ ಅಳಿಸಿಹೋಗುವುದರಿಂದ ತಡ ಮಾಡುವಂತಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ನೆನಪಿಟ್ಟುಕೊಳ್ಳಿ. ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಅದನ್ನೇ ಜೀರೊ ಎಫ್‌ಐಆರ್ ಎನ್ನುತ್ತಾರೆ. "ಇದು ನಮ್ಮ ಹದ್ದಿಗೆ ಬರುವುದಿಲ್ಲ" ಎಂಬ ಮಾತು ದಾರಿಹೋಕನಿಗೆ ಸಲ್ಲದು. ಇಮೇಲ್‌ನಂಥ ವಿದ್ಯುನ್ಮಾನ ರೂಪದಲ್ಲೂ ಕೊಡಬಹುದು, ಮೂರು ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಕಳವಿನಂಥ ಪ್ರಕರಣಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ, ಆದ್ದರಿಂದ ಅಂದೇ ಎಫ್‌ಐಆರ್ ನಂಬರ್ ಸಿಗದಿದ್ದರೆ ಗಾಬರಿ ಬೇಡ, ದೂರಿಗೆ ಸ್ವೀಕೃತಿ ಮಾತ್ರ ಬಿಡಬೇಡಿ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದರ ಸಾರವನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಕಮಿಷನರೇಟ್ ಇರುವ ಬೆಂಗಳೂರು, ಮಂಗಳೂರಿನಂಥ ನಗರಗಳಲ್ಲಿ ಡಿಸಿಪಿಗೆ. ಕಲಂ ಸಂಖ್ಯೆಯನ್ನು ರೈಟರ್ ಮುಂದೆ ಮೊದಲ ವಾಕ್ಯದಲ್ಲೇ ಉದುರಿಸಬೇಡಿ. ಅದು ಕೊನೆಯ ವಾಕ್ಯಕ್ಕಿರಲಿ.

ಬಿದ್ದರೆ

ವಾಹನ ಗುದ್ದಿದರೆ ಮೊದಲು ಗಾಡಿಯ ನಂಬರ್. ನಿಮಗೆ ಆಗದಿದ್ದರೆ ನಿಂತವರಲ್ಲಿ ಒಬ್ಬರನ್ನು ಬೆರಳು ತೋರಿಸಿ ಕರೆದು, "ಹಸಿರು ಅಂಗಿಯವರೇ, ನಂಬರ್ ಬರೆದುಕೊಳ್ಳಿ" ಎನ್ನಿ. ಗುಂಪಿಗೆ ಹೇಳಿದ ಮಾತನ್ನು ಯಾರೂ ಮಾಡುವುದಿಲ್ಲ. 108 ಅಥವಾ 112, ರಾಷ್ಟ್ರೀಯ ಹೆದ್ದಾರಿಯಾದರೆ 1033. ಆಸ್ಪತ್ರೆಯಲ್ಲಿ "ಸೈಕಲ್ಲಿನಿಂದ ಬಿದ್ದೆ" ಎನ್ನಬೇಡಿ, ವಾಹನ ಗುದ್ದಿತು ಎಂದು ಇದ್ದದ್ದನ್ನು ಹೇಳಿ ಎಂಎಲ್‌ಸಿ, ಅಂದರೆ ಇದು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ಆಸ್ಪತ್ರೆಯ ದಾಖಲೆ, ಬರೆಸಿ. ಮುಂದೆ ಪರಿಹಾರದ ಅರ್ಜಿ ನಿಲ್ಲುವುದು ಆ ಒಂದು ಸಾಲಿನ ಮೇಲೆ. ಗುದ್ದಿದ ವಾಹನದ ಮೂರನೆಯ ವ್ಯಕ್ತಿ ವಿಮೆ ಸೈಕಲ್ ಸವಾರನಿಗೂ ಅನ್ವಯಿಸುತ್ತದೆ. ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಬಿಡಿ. ಗುದ್ದಿದವನು ಸಿಗದೇ ಹೋದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡುವ ಕೇಂದ್ರದ ಯೋಜನೆ 2022ರ ಏಪ್ರಿಲಿನಿಂದ ಇದೆ. ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದವರು ಕೋರ್ಟು ಕಚೇರಿಯ ಭಯದಿಂದ ಹಿಂಜರಿಯುತ್ತಿದ್ದರೆ, ನೆರವಾದವರನ್ನು ಹೆಸರು ಹೇಳಲೂ ಒತ್ತಾಯಿಸುವಂತಿಲ್ಲ ಎಂದು ತಿಳಿಸಿ.

ಘಾಟಿ ಇಳಿಯುವ ಬೆಳಿಗ್ಗೆ

ಮೂಡಿಗೆರೆಯಲ್ಲಿ ಎದ್ದಾಗ ಮಂಜು ದಟ್ಟವಾಗಿದ್ದರೆ ಅವಸರ ಮಾಡಬೇಡಿ, ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿನ್ನುತ್ತಾ ಕಾಯಿರಿ. ಅಲ್ಲಿಯೇ ಬ್ರೇಕ್ ನೋಡಿಕೊಳ್ಳಿ: ಲಿವರ್ ಹಿಡಿದಾಗ ಹ್ಯಾಂಡಲ್ಲಿಗೆ ತಾಗುವಂತಿದ್ದರೆ ತಂತಿ ಬಿಗಿ ಮಾಡಿ. ಚೀಲದ ಪಟ್ಟಿ ಕಡ್ಡಿಗಳಿಗೆ ಸಿಕ್ಕದಂತೆ ಇನ್ನೊಮ್ಮೆ ಕಟ್ಟಿ.

ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡಿರಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ, ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬೇಡ. ಎದುರಿನಿಂದ ಏರಿ ಬರುವ ಬಸ್ಸಿಗೆ ತಿರುವಿನಲ್ಲಿ ಪೂರ್ತಿ ರಸ್ತೆ ಬೇಕಾಗುತ್ತದೆ. ಹಾರ್ನ್ ಕೇಳಿದ ಕೂಡಲೇ ಎಡಕ್ಕೆ ನಿಂತುಬಿಡಿ. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಎಲ್ಲ ವಾಹನಗಳೂ ನಿಧಾನಿಸುತ್ತವೆ, ನೀವೂ ನಿಲ್ಲಿ. ಭಕ್ತಿ ಇದ್ದರೆ ಕೈಮುಗಿಯಿರಿ, ಇಲ್ಲದಿದ್ದರೆ ರಿಮ್ ಮುಟ್ಟಿ ನೋಡಿ. ನಾನು ಎರಡನ್ನೂ ಮಾಡುತ್ತೇನೆ. ಕೋತಿಗಳ ಎದುರು ಬಾಳೆಹಣ್ಣು ಬಿಚ್ಚಬೇಡಿ.

ಕೆಳಗೆ ಬಂದ ಮೇಲೆ ಗಾಳಿ ಬದಲಾಗುತ್ತದೆ, ಬೆವರು ಆರುವುದೇ ಇಲ್ಲ. ಕೊನೆಯ ದಿನ ಬೆಳಿಗ್ಗೆ ಆರಕ್ಕೇ ಧರ್ಮಸ್ಥಳ ಬಿಡಿ, ಉಪ್ಪು ಸಕ್ಕರೆ ಬೆರೆಸಿದ ನೀರು ಅರ್ಧ ಗಂಟೆಗೊಮ್ಮೆ. ಬಂಟ್ವಾಳ ದಾಟಿದ ಮೇಲೆ ಮತ್ತೆ ದೊಡ್ಡ ಹೆದ್ದಾರಿ, ಮತ್ತೆ ಟ್ಯಾಂಕರ್‌ಗಳು.

ಹಿಂತಿರುಗುವುದು

ರೈಲಿನಲ್ಲಿ ಸೈಕಲ್ ಲಗೇಜ್ ವ್ಯಾನಿನಲ್ಲಿ ಬರುತ್ತದೆ. ಗಾಡಿ ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ ಟಿಕೆಟ್ ತೋರಿಸಿ ಬುಕ್ ಮಾಡಿ. ಪೆಡಲ್ ಬಿಚ್ಚಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಹೆಸರು ಮತ್ತು ಫೋನ್ ನಂಬರ್ ಎರಡು ಕಡೆ ಬರೆಯಿರಿ. ರಸೀದಿ ಜೇಬಿನಲ್ಲಿರಲಿ. ಬಸ್ಸಾದರೆ ಮುಂದಿನ ಚಕ್ರ ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಬೇಕು. ಚೈನ್ ಇರುವ ಬದಿ ಮೇಲೆ, ಲಗೇಜ್ ಟಿಕೆಟ್ ಕೇಳಿ ಪಡೆಯಿರಿ.

ಮನೆ ಸೇರಿದ ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ಮತ್ತೆ ಠಾಣೆಗೆ ಹೋಗಿ, ಬಂದಿದ್ದೇನೆ ಎಂದು ತಿಳಿಸಿ ಬೀಗ ಹಾಕಿದ ಮನೆಗಳ ಪಟ್ಟಿಯಿಂದ ಹೆಸರು ತೆಗೆಸಿ. ನಾನು ಹೋದಾಗ ಅದೇ ಹೆಡ್ ಕಾನ್‌ಸ್ಟೇಬಲ್ ಇದ್ದರು. ಕಪ್ಪಗಾದ ನನ್ನ ಮುಖ ನೋಡಿ, ಕಿಟಕಿಯಾಚೆ ಇಣುಕಿ, "ಸೈಕಲ್ ಎಲ್ಲಿ ಸರ್?" ಎಂದರು. ಹೊರಗೆ ಕಂಬಕ್ಕೆ ಬೀಗ ಹಾಕಿದ್ದೇನೆ ಎಂದೆ. ಅವರು ಎದ್ದು ಹೊರಗೆ ಬಂದರು, ಬೀಗ ಜಗ್ಗಿ ನೋಡಿದರು, ಬಗ್ಗಿ ಪೆಡಲಿನ ಕೆಳಗಿನ ಕೊಳವೆಗೆ ಕೈಹಾಕಿ ಮಣ್ಣು ಒರೆಸಿ ನಂಬರ್ ಓದಲು ಶುರು ಮಾಡಿದರು.